ಅಕ್ಕಿ ಡಬ್ಬದ ಹಿಂದಿನ ಚೊಂಬು

ಹಿತ್ತಾಳೆ ಪಾತ್ರೆಗೆ ಮಾತು ಅಂಟುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಕಿವಿಗೆ ಹಿಡಿದರೆ ಹಳೆಯ ಜಗಳ, ನಗು ಎಲ್ಲ ಕೇಳಿಸುತ್ತದೆ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಹೋಗುತ್ತದೆ.

ಮಗಳು ಚಿನ್ಮಯಿ ಸತ್ತ ಹನ್ನೊಂದನೆಯ ದಿನ, ಸೂತಕ ಕಳೆಯಲೆಂದು ಗಿರಿಜಾಕ್ಷಿಯ ನಾದಿನಿ ಇಂದ್ರಾಣಿ ಮನೆಯ ಪಾತ್ರೆಗಳನ್ನೆಲ್ಲ ತಿಕ್ಕಲು ಕೂತಳು. ಗಿರಿಜಾಕ್ಷಿ ಬೇಡವೆನ್ನಲಿಲ್ಲ. ಚಿನ್ಮಯಿ ನೀರು ಕುಡಿಯುತ್ತಿದ್ದ ಚೊಂಬನ್ನು ಅವಳು ಮೊದಲೇ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದಳು. ಅದರಲ್ಲಿದ್ದದ್ದು ಒಂದೇ ಮಾತು: "ಅಮ್ಮಾ, ಇವತ್ತೂ ಉಪ್ಪಿಟ್ಟಿಗೆ ಉಪ್ಪು ಮರೆತಿದ್ದೀಯ ನೋಡು."

ಗಿರಿಜಾಕ್ಷಿ ಸ್ನಾನ ಮುಗಿಸಿ ಹಿತ್ತಲಿಗೆ ಬಂದಾಗ ಪಾತ್ರೆಗಳೆಲ್ಲ ಬಿಸಿಲಿನಲ್ಲಿ ಥಳಥಳ ಹೊಳೆಯುತ್ತಿದ್ದವು. ಸಾಲಿನ ಕೊನೆಯಲ್ಲಿ ಆ ಚೊಂಬೂ ಇತ್ತು.

"ಅಕ್ಕಿ ಡಬ್ಬದ ಹಿಂದೆ ಸಿಕ್ತು ಅತ್ತಿಗೆ. ಮೈಲಿಗೆ ಪಾತ್ರೆ ಒಂದು ಉಳಿದ್ರೂ ಸೂತಕ ಹೋಗಲ್ಲ ಅಲ್ವಾ?" ಎಂದಳು ಇಂದ್ರಾಣಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ.

ಗಿರಿಜಾಕ್ಷಿ ಚೊಂಬನ್ನು ಕಿವಿಗೆ ಒತ್ತಿ ಹಿಡಿದಳು. ಮಗಳ ದನಿ ಇರಲಿಲ್ಲ. ತಿಕ್ಕುವಾಗ ಇಂದ್ರಾಣಿ ಗೊಣಗಿದ್ದು ಆಗಲೇ ಅಲ್ಲಿ ಅಂಟಿಕೊಂಡಿತ್ತು: "ಥೂ, ಎಷ್ಟು ತಿಕ್ಕಿದ್ರೂ ಬಿಡ್ತಾನೇ ಇಲ್ವಲ್ಲ ಇದು!"