ಬಾಣವಿಲ್ಲದ ಚೌಕ

ಅಳಿಸಿಬಿಟ್ಟರೆ ಅದು ಸುಳ್ಳಾಗುತ್ತದೆಯೇ? ಹಾಗೇ ಬಿಟ್ಟರೂ ಸುಳ್ಳೇ ಅಲ್ಲವೇ? ಮಗ ರಬ್ಬರು ಹಿಡಿದು, ಕನ್ನಡಕದ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಹರಡಿದ್ದ ದೊಡ್ಡ ಹಾಳೆಯನ್ನೇ ನೋಡುತ್ತ ಕುಳಿತಿದ್ದ. ಹಾಳೆಯ ತುಂಬ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು, ಅಂಗಡಿಯ ಚೌಕಗಳನ್ನೆಲ್ಲ ಒಳಗೊಂಡು ಸುತ್ತಲೂ ಒಂದು ಗೆರೆ. ಬಾಗಿಲ ಹತ್ತಿರದ ಚೌಕಕ್ಕೆ ಮಾತ್ರ ಬಾಣವೇ ಇರಲಿಲ್ಲ. ಅದರೊಳಗೆ ‘ಮಾಲೀಕರು’ ಎಂದು ಅವನೇ ಬರೆದಿದ್ದ. ಅಂದರೆ ಅಪ್ಪ.

ವ್ಯವಹಾರ ಮಾಹಿತಿ ವ್ಯವಸ್ಥೆಯ ಸ್ನಾತಕೋತ್ತರ ಪದವಿಗೆ ಬರೆಯಬೇಕಾದ ಪರೀಕ್ಷೆಗಳೆಲ್ಲ ಮುಗಿದಿದ್ದವು. ಉಳಿದದ್ದು ಇದೊಂದೇ. ನಡೆಯುತ್ತಿರುವ ಯಾವುದಾದರೂ ವ್ಯಾಪಾರದ ಜಾಗದಲ್ಲಿ ಹೋಗಿ ಕೂತು, ಅಲ್ಲಿ ಯಾವ ಮಾಹಿತಿ ಯಾರಿಂದ ಯಾರಿಗೆ ಹೋಗುತ್ತದೆಂದು ನಕ್ಷೆ ಬರೆಯಬೇಕು. ಕೆಳಗೆ ಮಾಲೀಕರ ಸಹಿ ಇರಬೇಕು. ಸಹಿಯಿಲ್ಲದಿದ್ದರೆ ನಕ್ಷೆಯಿಲ್ಲ, ನಕ್ಷೆಯಿಲ್ಲದಿದ್ದರೆ ಪದವಿಯಿಲ್ಲ. ಮನೆಯದೇ ಅಂಗಡಿ ಇರುವಾಗ ಇನ್ನೊಬ್ಬರ ಬಾಗಿಲಿಗೆ ಯಾಕೆ ಹೋಗಬೇಕೆಂದು ಅವನು ಇಲ್ಲೇ ಬಂದು ಕೂತಿದ್ದ.

ಕೂತು ನೋಡಿದಷ್ಟೂ ಕುತೂಹಲ ಹೆಚ್ಚಿತು. ಬಂದವರ ಕಣ್ಣು ಪರೀಕ್ಷಿಸುವವಳು ಅಕ್ಕ. ಅವಳು ಬರೆದ ನಂಬರು ಒಳಗೆ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಚಿಕ್ಕಪ್ಪನಿಗೆ ಹೋಗುತ್ತದೆ. ಸರಕಿನವರ ಫೋನು ಅಕ್ಕನಿಗೆ, ಗಿರಾಕಿಗಳ ದೂರು ಚಿಕ್ಕಪ್ಪನಿಗೆ. ಕೈ ನಡುಗತೊಡಗಿದ ಮೇಲೆ ಗಾಜು ಉಜ್ಜುವ ಯಂತ್ರವನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟ ಅಪ್ಪ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಮೆತ್ತನೆಯ ಬಟ್ಟೆಯಿಂದ ಫ್ರೇಮು ಒರೆಸುತ್ತ ಕೂರುತ್ತಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಅವರೂ ಯಾರಿಗೂ ಏನೂ ಹೇಳುವುದಿಲ್ಲ.

ಒಂದು ಸಂಗತಿ ಮಾತ್ರ ಅವನಿಗೆ ಬಗೆಹರಿಯಲಿಲ್ಲ. ಹೊಸ ಕನ್ನಡಕ ಹಾಕಿಕೊಂಡವರು ಕನ್ನಡಿ ನೋಡಿಕೊಂಡಾದ ಮೇಲೆ, ಅದೇಕೋ, ಬಾಗಿಲ ಕಡೆ ತಿರುಗಿ ಅಪ್ಪನನ್ನು ನೋಡುತ್ತಿದ್ದರು. ಅಪ್ಪನೂ ಅವರನ್ನು ನೋಡುತ್ತಿದ್ದರು. ತಲೆ ಆಡಿಸುತ್ತಿರಲಿಲ್ಲ, ನಗುತ್ತಿರಲಿಲ್ಲ. ಆಮೇಲೆ ಕೆಲವರು ಸೀದಾ ಹೊರಟುಬಿಡುತ್ತಿದ್ದರು. ಕೆಲವರು ಮರಳಿ ಬಂದು, ಬೇರೆ ಫ್ರೇಮು ತೋರಿಸಿ ಎನ್ನುತ್ತಿದ್ದರು.

“ಅವರೆಲ್ಲ ಅಪ್ಪನ್ನ ಏನು ಕೇಳ್ತಾರೆ, ಅಕ್ಕ?”

“ಏನೂ ಕೇಳಲ್ಲ ಕಣೋ. ಸುಮ್ನೆ ನೋಡ್ತಾರೆ.”

“ಅಪ್ಪ ಏನಂತಾರೆ?”

“ಅಪ್ಪ ಏನಾದ್ರೂ ಅಂದಿದ್ದನ್ನ ನೀನು ಕೇಳಿದ್ದೀಯಾ? ಇಷ್ಟೆಲ್ಲ ಓದಿದ್ದೀಯಲ್ಲ ಪ್ರೊಫೆಸರ್, ನೀನೇ ಕಂಡುಹಿಡಿ.”

“ನನ್ನ ಚೌಕ ಸ್ವಲ್ಪ ದೊಡ್ಡದಾಗೇ ಹಾಕೋ,” ಎಂದು ಒಳಗಿನಿಂದ ಚಿಕ್ಕಪ್ಪ ಕೂಗಿದ್ದ. “ಹೊಟ್ಟೆಗೆ ಜಾಗ ಸಾಲಲ್ಲ!”

ಕಾಲೇಜಿನಲ್ಲಿ ಗೈಡ್ ಮೇಡಂ ಎದುರು ಈ ವಿಷಯ ಎತ್ತಿದಾಗ ಅವರು ಬೇಸರಪಡಲಿಲ್ಲ. “ನೋಡೋದು ಮಾಹಿತಿ ಅಲ್ಲಪ್ಪ. ಬಾಣ ಎಳೆದರೆ ಅದರ ಮೇಲೆ ಏನಂತ ಬರೀತೀಯ? ಬರೆಯೋಕೆ ಏನೂ ಇಲ್ಲ ಅಂದ್ರೆ ಬಾಣ ಇಲ್ಲ. ಬಾಣ ಇಲ್ಲದ ಚೌಕ ನಕ್ಷೆಯಲ್ಲಿ ಇರೋ ಹಾಗಿಲ್ಲ. ಅಳಿಸಿ, ಮಾಲೀಕರ ಸಹಿ ಹಾಕಿಸ್ಕೊಂಡು ಬಾ.”

“ಅಳಿಸಬೇಕಾಗಿರೋದು ಅವರನ್ನೇ, ಮೇಡಂ.”

ಮೇಡಂ ತಮ್ಮ ಕನ್ನಡಕ ತೆಗೆದು ಅವನನ್ನು ನೋಡಿದ್ದರು.

ಕೊನೆಗೂ ಅಳಿಸಿದ. ರಬ್ಬರಿನ ಪುಡಿಯನ್ನು ಊದುತ್ತಿರುವಾಗಲೇ ಅಪ್ಪ ಬಂದು ಪಕ್ಕದಲ್ಲಿ ನಿಂತರು.

“ಸಹಿ ಬೇಕಂತಲ್ಲ.”

“ಹೂಂ. ಇಲ್ಲಿ, ಕೆಳಗೆ.”

ಅಪ್ಪ ಪೆನ್ನು ತೆಗೆದುಕೊಳ್ಳಲಿಲ್ಲ. ಬಗ್ಗಿ ಹಾಳೆಯ ಮೇಲೆ ಬೆರಳಿಟ್ಟರು. ನಡುಗುವ ಬೆರಳು ಒಂದು ಬಾಣ ಹಿಡಿದು ಹೊರಟಿತು.

“ಇದು ನಿಮ್ಮಕ್ಕ. ಇಲ್ಲಿಂದ ನಂಬರು ಹೀಗೆ ಹೋಗುತ್ತೆ... ಇದು ನಿಮ್ಮ ಚಿಕ್ಕಪ್ಪನೇ, ಬೇರೆ ಯಾರೂ ಇಷ್ಟು ದಪ್ಪ ಇಲ್ಲ.” ಅಪ್ಪ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಅವನು ಕೇಳಿಯೇ ಇರಲಿಲ್ಲ. “ನಮ್ಮ ಅಂಗಡಿ ಮೇಲಿಂದ ನೋಡಿದ್ರೆ ಹೀಗೆ ಕಾಣುತ್ತಾ! ಚೆನ್ನಾಗಿದೆ.” ಬೆರಳು ಬಾಗಿಲ ಹತ್ತಿರ ಬಂದು, ಉಜ್ಜಿ ಮಾಸಲಾದ ಜಾಗದಲ್ಲಿ ನಿಂತಿತು. “ನಾನೆಲ್ಲಿದ್ದೀನಿ?”

ಒಳಗೆ ಯಂತ್ರದ ಸದ್ದು ನಿಂತಿತು. ಪರದೆಯ ಹತ್ತಿರ ಬಂದ ಅಕ್ಕ ಅಲ್ಲೇ ನಿಂತಳು. ಮಗನ ಕೈ ತಾನಾಗಿ ಹಾಳೆಯ ಮೂಲೆಗೆ ಹೋಗಿ, ಹೊರಗಿನ ಗೆರೆಯ ಗುಂಟ ಒಂದು ಸುತ್ತು ಬಂದಿತು.

“ಇದು.”

“ಇದಾ? ಇಷ್ಟು ದೊಡ್ಡದಾ?”

“ಅಂಗಡಿಯವರೆಲ್ಲ ಇದರೊಳಗೇ ಅಲ್ವಾ ಇರೋದು?”

ಅಪ್ಪ ಅವನನ್ನು ನೋಡಿದರು, ಹೊಸ ಕನ್ನಡಕ ಹಾಕಿಕೊಂಡು ತಿರುಗಿದವರನ್ನು ನೋಡುವ ಹಾಗೆಯೇ. ತಲೆ ಆಡಿಸಲಿಲ್ಲ, ನಗಲಿಲ್ಲ. ಆಮೇಲೆ ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಅಲುಗಾಡುವ ಅಕ್ಷರಗಳ ಬಾಲ ಗೆರೆಯನ್ನು ದಾಟಿ ಹೊರಗೆ ಹೋಯಿತು.

ಪದವಿ ಬಂತು. ಆ ನಕ್ಷೆಯ ಒಂದು ಪ್ರತಿಗೆ ಗಾಜು ಹಾಕಿಸಿ ಅಪ್ಪ ತಮ್ಮ ಸ್ಟೂಲಿನ ಮೇಲಿನ ಗೋಡೆಗೆ ತೂಗುಹಾಕಿದ್ದಾರೆ. ಬೆಳಿಗ್ಗೆ ಬಂದ ಕೂಡಲೇ ಫ್ರೇಮು ಒರೆಸುವ ಬಟ್ಟೆಯಿಂದ ಅದನ್ನೂ ಒರೆಸುತ್ತಾರೆ. ನಡುವಿನ ಚೌಕಗಳನ್ನು ಬಿಟ್ಟು, ಹೊರಗಿನ ಗೆರೆಯ ಗುಂಟ ಒಂದು ಸುತ್ತು. ಯಾವ ಅಂಗಡಿಯದಾದರೂ ಸರಿ, ನಕ್ಷೆಯ ಸುತ್ತ ಅಂಥದೊಂದು ಗೆರೆಯನ್ನು ಎಲ್ಲ ವಿದ್ಯಾರ್ಥಿಗಳೂ ಎಳೆಯಲೇಬೇಕೆಂಬ ನಿಯಮವಿದೆ ಎಂದು ಮಗ ಅವರಿಗೆ ಹೇಳಲೇ ಇಲ್ಲ.