ಬೇಲಿಯಾಚೆಯ ನಾಲಿಗೆ

ಇಟಲಿಯ ಉತ್ತರಕ್ಕೆ, ಗುಡ್ಡಗಳೇ ಕುಡಿದು ಒಂದರ ಮೇಲೊಂದು ಒರಗಿದಂಥ ಸೀಮೆಯಲ್ಲಿ ಮುದುಕ ಬಾರ್ತೊಲೊನ ದ್ರಾಕ್ಷಿತೋಟವಿತ್ತು. ವೈನು ಮಾಡುವ ಆ ಮನೆತನಕ್ಕೆ ಒಂದೇ ಧರ್ಮ: ಹೊಸ ವೈನಿನ ಮೊದಲ ಲೋಟ ಬೇಲಿಯಾಚೆಯವನಿಗೆ. ಅವನು ಉಗಿದರೆ ಆ ವರ್ಷದ್ದೆಲ್ಲ ಚರಂಡಿಗೆ. ಮಗನೋ ಬೇಲಿಗಳನ್ನೇ ಒಂದೊಂದಾಗಿ ನುಂಗುತ್ತ ಬಂದ. ಆಕಾಶಕ್ಕೂ ಕ್ರಯಪತ್ರ ಬರೆಸುವ ಭೂಪ. ಉಳಿದ ನೆರೆಯವನು ಒತ್ತಾವಿಯೊ ಒಬ್ಬನೇ. ದೇವರೇ ಹಿಂಡಿ ಕೊಟ್ಟರೂ ‘ಹುಳಿ’ ಎನ್ನದೆ ನುಂಗದ ಆಸಾಮಿ.

ಈ ಸಲ ವೈನು ನಿಜಕ್ಕೂ ಕೆಟ್ಟಿತ್ತು. ವಾಸನೆಗೆ ಹೆಗ್ಗಣಗಳೇ ಉಗ್ರಾಣ ಬಿಟ್ಟು ಗುಳೆ ಹೋಗಿದ್ದವು.

“ನಾಳೆ ಲಾರಿ ಬರುತ್ತೆ. ಕುಡಿಯೋರು ಕುಡೀತಾರೆ ಬಿಡಪ್ಪ,” ಎಂದ ಮಗ.

“ಒತ್ತಾವಿಯೊ ನುಂಗಿದರೆ ಕಳಿಸು,” ಎಂದು ಮುದುಕ ಲೋಟ ಹಿಡಿದು ನಡೆದ.

ಬೇಲಿಯಾಚೆ ಒತ್ತಾವಿಯೊನ ಕೈಗೆ ಲೋಟ ಕೊಟ್ಟು, “ಉಗಿಯೋ ಮಾರಾಯ. ನಮ್ಮಪ್ಪನ ಹೆಸರು ಉಳಿಸು,” ಎಂದ ಮುದುಕ.

ಒತ್ತಾವಿಯೊ ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು. ಮುಖ ಕಿವುಚಿಕೊಂಡೇ ಪೂರ್ತಿ ನುಂಗಿದ.

“ಜೇನು,” ಎಂದ.

“ಜನ್ಮವಿಡೀ ಅಮೃತಕ್ಕೇ ಹೆಸರಿಟ್ಟವನು ನೀನು. ಏನಾಯ್ತೋ ನಿನಗೆ?”

ಒತ್ತಾವಿಯೊ ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ.

“ನಿನ್ನೆಯಿಂದ ನನ್ನ ತೋಟವೂ ನಿಮ್ಮ ಮಗನದ್ದೇ, ಧಣಿ.”