ಏಳು ಗಂಟೆಯ ಮುಷ್ಟಿ

"ಕೈ ಇಳಿಸು," ಎಂದರು ಮ್ಯಾನೇಜರ್. ಗುಂಡಿಯಕ್ಕ ಇಳಿಸಿದಳು. "ಈಗ ಬೆರಳು ಬಿಚ್ಚು," ಎಂದರು. ಅದು ಮಾತ್ರ ಅವಳಿಂದ ಆಗಲಿಲ್ಲ.

ಹದಿನಾರು ವರ್ಷದಿಂದ ಅಂಗಿಗಳಿಗೆ ಗುಂಡಿ ಹೊಲಿದು ಆ ಹೆಸರೇ ಅಂಟಿಸಿಕೊಂಡವಳು ಬೆಳಗಿನ ಏಳಕ್ಕೆ ಕಾರ್ಖಾನೆಯ ಕಚೇರಿಗೆ ಬಂದದ್ದು ಒಂದೇ ಮಾತು ಕೇಳಲು: ನನ್ನ ಪಾಳಿ ಹತ್ತಕ್ಕೆ ಶುರುವಾಗಲಿ, ಸಂಜೆ ಮೂರು ಗಂಟೆ ಹೊತ್ತು ಹೆಚ್ಚಿಗೆ ದುಡಿಯುತ್ತೇನೆ. ಬೆಳಗ್ಗೆ ಸೂಜಿ ಹಿಡಿಯಲಾಗುತ್ತಿಲ್ಲ. ಹೀಗೇ ಆದರೆ ಕೆಲಸ ಹೋಗುತ್ತದೆ. ಊದಿದ ಗೆಣ್ಣುಗಳನ್ನು ತೋರಿಸಲೆಂದು ಎರಡೂ ಕೈ ಎತ್ತಿದ್ದಳು. ಮ್ಯಾನೇಜರ್ ಕುರ್ಚಿ ಸಮೇತ ಹಿಂದೆ ಸರಿದು, "ಮುಷ್ಟಿ ಎತ್ತಿದಳು! ಅದೂ ಎರಡೆರಡು!" ಎಂದು ಕೂಗಿದ್ದರು.

"ಮುಷ್ಟಿ ಕಟ್ಟೋಕೆ ಆಗೋ ಹಾಗಿದ್ರೆ ನಿಮ್ಮ ಮುಂದೆ ಯಾಕೆ ಗೋಗರೀತಿದ್ದೆ ಸಾರ್? ಇದು ಪೂರ್ತಿ ಮುಚ್ಚೋದೂ ಇಲ್ಲ, ಬಿಚ್ಚೋದೂ ಇಲ್ಲ. ಹತ್ತು ಗಂಟೆವರೆಗೆ ತಡ್ಕೊಳ್ಳಿ, ತಾನಾಗೇ ಸಡಿಲ ಆಗುತ್ತೆ."

"ಗಡುವು ಬೇರೆ ಕೊಡ್ತೀಯಾ?"

ಕಾರ್ಖಾನೆಯ ಡಾಕ್ಟರಮ್ಮ ಬಂದು ಗೆಣ್ಣುಗಳನ್ನು ಮೆಲ್ಲಗೆ ಒತ್ತಿ ನೋಡಿದರು. "ರುಮಟಾಯ್ಡ್ ಸಂಧಿವಾತ. ಮೈ ಕಾಯಬೇಕಾದ ಪಡೆಗೆ ತಲೆ ಕೆಟ್ಟಿದೆ. ರೋಗ ಬಿಟ್ಟು ಸ್ವಂತ ಕೀಲುಗಳ ಮೇಲೇ ಬೀಳ್ತಿದೆ. ಅದಕ್ಕೇ ಈ ಊತ, ಬೆಳಗಿನ ಬಿಗಿತ, ಎರಡೂ ಕೈಗೆ ಒಟ್ಟೊಟ್ಟಿಗೆ. ಔಷಧಿ ಕೊಟ್ಟು ಆ ಪಡೆಯನ್ನ ಸುಮ್ಮನಿರಿಸದಿದ್ರೆ ಕೀಲುಗಳನ್ನೇ ತಿಂದುಹಾಕುತ್ತೆ."

"ಇವಳ ಹತ್ರ ಪಡೆ ಬೇರೆ ಇದೆಯಾ?" ಎಂದರು ಮ್ಯಾನೇಜರ್. ಅವರ ತಲೆಗೆ ಹೋದದ್ದು ಅಷ್ಟೇ.

ಹತ್ತೂಕಾಲಿಗೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. 'ಆಡಳಿತದ ದೃಢ ಕ್ರಮಕ್ಕೆ ಮಣಿದು ಕಾರ್ಮಿಕಳು ಮುಷ್ಟಿ ಸಡಿಲಿಸಿದ್ದಾಳೆ' ಎಂದು ಮ್ಯಾನೇಜರ್ ಕಡತದಲ್ಲಿ ಬರೆದರು. "ನಾಳೆ ಏಳಕ್ಕೇ ಬರಬೇಕು. ಮುಷ್ಟಿ ಕಂಡ್ರೆ ಗೇಟಿಂದಲೇ ವಾಪಸ್."

ಮರುದಿನ ಗೇಟಿನಲ್ಲಿ ಇಪ್ಪತ್ನಾಲ್ಕು ಹೊಸ ಕಾವಲುಗಾರರಿದ್ದರು. ಮುಷ್ಟಿ ಕಂಡರೆ ಹಿಡಿಯಬೇಕೆಂಬುದು ಮ್ಯಾನೇಜರ್ ಅಪ್ಪಣೆ. ಗುಂಡಿಯಕ್ಕನನ್ನು ತಡೆದರು. ಊಟದ ಡಬ್ಬಿ ಹಿಡಿದವರ ಕೈಯೂ ಮುಷ್ಟಿಯೇ, ಅವರನ್ನೂ ತಡೆದರು. ಮಗುವಿನ ಕೈ ಹಿಡಿದ ತಾಯಿಯನ್ನು ತಡೆದರು. ಆಮೇಲೆ ಲಾಠಿ ಹಿಡಿದ ತಮ್ಮವರದೇ ಕೈ ಕಣ್ಣಿಗೆ ಬಿತ್ತು. ಒಬ್ಬ ಕಾವಲುಗಾರ ಇನ್ನೊಬ್ಬನ ಕೊರಳಪಟ್ಟಿಗೆ ಕೈ ಹಾಕಿದ. ಕೊರಳಪಟ್ಟಿ ಹಿಡಿದ ಆ ಕೈಯನ್ನು ಮೂರನೆಯವನು ಹಿಡಿದ. ಕಿರಿದಾದ ಗೇಟು ಜನರಿಂದ ಊದಿಕೊಂಡು ಗಟ್ಟಿಯಾಯಿತು. ಒಳಗೆ ಒಂದು ಯಂತ್ರವೂ ಅಲುಗಲಿಲ್ಲ.

ಕೈಚೀಲ ಬಿಗಿಹಿಡಿದು ಬಂದ ಮ್ಯಾನೇಜರ್ ಮೇಲೆ ಐವರು ಬಿದ್ದರು. "ಬಿಡ್ರೋ! ನಾನು ನಿಮ್ಮೋನೇ ಕಣ್ರೋ!" ಎಂದು ಅವರು ಚೀರಿದರು. ಯಾರೂ ಬಿಡಲಿಲ್ಲ.

ಗುಂಡಿಯಕ್ಕ ಪಕ್ಕದ ಕಲ್ಲಿನ ಮೇಲೆ ಕುಳಿತು, ಅರ್ಧ ಮಡಚಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಹತ್ತು ಗಂಟೆವರೆಗೆ ತಡ್ಕೊಳ್ಳಿ ಸಾರ್," ಎಂದಳು. "ತಾನಾಗೇ ಸಡಿಲ ಆಗುತ್ತೆ."